ನೀಲಿಹಕ್ಕಿಯ ಋಣ

ಪರೋಪಕಾರವೆಂಬ ಮಾತು ನಮ್ಮ ನಾಲಗೆಯ ಮೇಲೆ ಬಹು ಸುಲಭವಾಗಿ ಹೊರಳುವಂಥದು. ಹಸುವಿಗೆ ಒಂದು ಹಿಡಿ ಹುಲ್ಲು, ಕಾಗೆಗೆ ಒಂದು ತುತ್ತು ಅನ್ನ, ಇರುವೆಗೂಡಿಗೆ ಒಂದು ಚಿಟಿಕೆ ಸಕ್ಕರೆ, ಇಷ್ಟನ್ನು ಹಾಕಿ ಕೈತೊಳೆದುಕೊಂಡರೆ ಪ್ರಾಣಿದಯೆಯ ಲೆಕ್ಕ ಆ ದಿನಕ್ಕೆ ಮುಗಿಯಿತೆಂದು ಬಗೆಯುವವರು ನಮ್ಮಲ್ಲಿ ಬಹುಮಂದಿ. ನಮ್ಮ ಹಿರಿಯರು ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವನ್ನೂ ಎಣಿಸಿ, ಗೃಹಸ್ಥನು ತಾನು ಉಣ್ಣುವ ಮೊದಲು ಇತರ ಜೀವಿಗಳ ಪಾಲನ್ನು ತೆಗೆದಿಡಬೇಕೆಂದು ವಿಧಿಸಿದರು. ಆ ಪಾಲು ದಾನವೋ ಸಾಲದ ತೀರುವಳಿಯೋ ಎಂದು ಕೇಳಿಕೊಳ್ಳುವ ಸಂದರ್ಭ ಮಾತ್ರ ಸಾಮಾನ್ಯವಾಗಿ ಒದಗುವುದಿಲ್ಲ. ನನಗೆ ಅದು ಒದಗಿದುದು ಸ್ವದೇಶದಲ್ಲಿ ಅಲ್ಲ. ಸಮುದ್ರಗಳನ್ನು ದಾಟಿದ ಮೇಲೆ, ಹುಲ್ಲುಬಯಲಿನ ನಡುವೆ ಕಂಬದ ಮೇಲೆ ನಿಲ್ಲಿಸಿದ ಒಂದು ಸಣ್ಣ ಮರದ ಪೆಟ್ಟಿಗೆಯ ಮುಂದೆ.

ನನ್ನ ಮಗಳೂ ಅಳಿಯನೂ ಅಮೆರಿಕಾ ಸಂಯುಕ್ತ ಸಂಸ್ಥಾನದ ನ್ಯೂಜೆರ್ಸಿ ಪ್ರಾಂತದಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷಗಳಾದುವು. ೨೦೨೪ನೆಯ ಇಸವಿಯ ಏಪ್ರಿಲಿನಿಂದ ಜುಲೈವರೆಗೆ ನಾನು ಅವರಲ್ಲಿದ್ದೆನು. ಮಕ್ಕಳನ್ನು ನೋಡಲು ಪರದೇಶಕ್ಕೆ ಹೋದ ವೃದ್ಧರ ದಿನಚರಿ ವಾಚಕರಿಗೆ ತಿಳಿಯದುದಲ್ಲ: ಬೆಳಗಿನ ಕಾಫಿ, ಕಿಟಕಿ, ವೃತ್ತಪತ್ರಿಕೆ, ಮತ್ತೆ ಕಿಟಕಿ. ಈ ಬೇಸರವನ್ನು ಕಂಡುಕೊಂಡಳೋ ಏನೋ, ಮಗಳು ಒಂದು ಶನಿವಾರ ಬೆಳಿಗ್ಗೆ, “ಅಣ್ಣ, ನನ್ನ ಜೊತೆ ಬನ್ನಿ, ಹಕ್ಕಿಗಳ ಮನೆ ನೋಡಿಕೊಂಡು ಬರೋಣ” ಎಂದು ಕರೆದಳು. ಸಮೀಪದ ವನ್ಯಜೀವಿಗಳ ಆಶ್ರಯಧಾಮವೊಂದರಲ್ಲಿ ಅವಳು ಕೆಲವು ವರ್ಷಗಳಿಂದ ಸ್ವಯಂಸೇವಕಿ. ವಾರಕ್ಕೊಂದು ಬೆಳಗು ಅಲ್ಲಿಗೆ ಹೋಗಿ, ನೀಲಿಹಕ್ಕಿಗಳಿಗೆಂದು ನಿಲ್ಲಿಸಿರುವ ಗೂಡುಪೆಟ್ಟಿಗೆಗಳಲ್ಲಿ ತನ್ನ ಪಾಲಿಗೆ ಬಂದವನ್ನು ತೆರೆದು ನೋಡಿ ಬರೆದುಕೊಂಡು ಬರುವುದು ಅವಳ ಕೆಲಸ. ಅಂದಿನಿಂದ ನಾನು ಹಿಂದಿರುಗುವವರೆಗೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಆ ಆಶ್ರಯಧಾಮದ ಹೆಸರು ಗ್ರೇಟ್ ಸ್ವಾಂಪ್, ಎಂದರೆ ಮಹಾಜೌಗು. ನ್ಯೂಯಾರ್ಕ್ ನಗರದ ನಡುಮಧ್ಯದಿಂದ ಪಶ್ಚಿಮಕ್ಕೆ ಕೇವಲ ೨೬ ಮೈಲಿ. ಅಷ್ಟು ಹತ್ತಿರದಲ್ಲಿ ಏಳೂವರೆ ಸಾವಿರ ಎಕರೆಗೆ ಮಿಗಿಲಾದ ಕೆಸರು, ಕಾಡು, ಹುಲ್ಲುಬಯಲು ಉಳಿದುಕೊಂಡುದು ತಾನಾಗಿ ಅಲ್ಲ. ೧೯೫೯ರಲ್ಲಿ ಅಲ್ಲೊಂದು ದೊಡ್ಡ ವಿಮಾನನಿಲ್ದಾಣವನ್ನು ಕಟ್ಟಬೇಕೆಂಬ ಯೋಜನೆ ಹೊರಬಿದ್ದಿತು. ಸುತ್ತಲ ಊರಿನವರು ಎದ್ದುನಿಂತರು. ಬರಿಯ ಮನವಿ ಬರೆದು ಕುಳಿತಿರದೆ, ಊರೂರಿನಿಂದ ಹಣ ಕೂಡಿಸಿ, ಜೌಗಿನ ಸುಮಾರು ೩,೦೦೦ ಎಕರೆಯನ್ನು ಕೊಂಡು, ಅದನ್ನು ಕೇಂದ್ರ ಸರ್ಕಾರಕ್ಕೆ ದಾನವಾಗಿ ಒಪ್ಪಿಸಿದರು. ೧೯೬೦ರ ನವೆಂಬರಿನಲ್ಲಿ ಅದು ರಾಷ್ಟ್ರೀಯ ಆಶ್ರಯಧಾಮವಾಯಿತು. ೧೯೬೮ರಲ್ಲಿ ಅದರ ಒಂದು ಭಾಗ ಮನುಷ್ಯನ ಕೈ ತಾಗಬಾರದ ಅರಣ್ಯವೆಂದು ಕಾನೂನಿನಿಂದ ಘೋಷಿತವಾಯಿತು. ಇಂದು ಅಲ್ಲಿ ವಿಮಾನದ ಸದ್ದು ಆಕಾಶದಲ್ಲಿ ಎಲ್ಲೋ ದೂರದಿಂದ ಕೇಳುವುದು. ನೆಲದ ಮೇಲೆ ಕೇಳುವುದು ಕಪ್ಪೆಗಳ ಸದ್ದು.

ಇನ್ನು ಹಕ್ಕಿಯ ವಿಚಾರ. ನೀಲಿಹಕ್ಕಿಗಳಲ್ಲಿ ಮೂರು ಜಾತಿ. ಮೂರೂ ಉತ್ತರ ಅಮೆರಿಕಾದವೇ. ಪೂರ್ವಭಾಗದಲ್ಲಿರುವುದು ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಗಂಡಿಗೆ ಬೆನ್ನೂ ತಲೆಯೂ ರೆಕ್ಕೆಯೂ ಗಾಢವಾದ ನೀಲಿ, ಎದೆ ಸುಟ್ಟ ಇಟ್ಟಿಗೆಯ ಕೆಂಪು, ಹೊಟ್ಟೆ ಬಿಳುಪು. ಹೆಣ್ಣಿನ ಬಣ್ಣ ಅದೇ, ಆದರೆ ತೊಳೆದು ಒಣಗಿಸಿದಂತೆ ಮಾಸಲು. ಈ ನೀಲಿಯ ಗರಿಯನ್ನು ಅರೆದು ನೋಡಿದರೆ ನೀಲಿಯ ಬಣ್ಣವೇ ಸಿಕ್ಕದಂತೆ. ಗರಿಯ ಒಳರಚನೆಯಲ್ಲಿ ಬೆಳಕು ಚದುರುವುದರಿಂದ ಮಾತ್ರ ಅದು ನೀಲಿಯಾಗಿ ತೋರುವುದು. ನಮ್ಮ ನಾಡಿನ ಪಕ್ಷಿಯೆಂದು ಗೌರವಿಸಲ್ಪಟ್ಟಿರುವ ನೀಲಕಂಠದಂತೆಯೇ ಇದು ತಂತಿಯ ಮೇಲೋ ಬೇಲಿಯ ಗೂಟದ ಮೇಲೋ ಕುಳಿತು, ಹುಲ್ಲಿನಲ್ಲಿ ಹುಳು ಕದಲಿದೊಡನೆ ಇಳಿದು ಹಿಡಿದುಕೊಂಡು ಮೇಲೇರುವುದು. ಇದರ ಸ್ವರ ಬಹು ಮೃದು; ಯಾರನ್ನೂ ಎಚ್ಚರಿಸಬಾರದೆಂದು ಹಾಡುವಂತೆ ಇರುವುದು. ನ್ಯೂಯಾರ್ಕ್ ಪ್ರಾಂತವೂ ಮಿಸೌರಿ ಪ್ರಾಂತವೂ ಇದನ್ನು ತಮ್ಮ ಹಕ್ಕಿಯೆಂದು ಆರಿಸಿಕೊಂಡಿವೆ.

ಇಂತಹ ಹಕ್ಕಿಗೆ ಒಂದು ದೊಡ್ಡ ತೊಡಕು. ಇದು ಪೊಟರೆಯಲ್ಲಲ್ಲದೆ ಬೇರೆ ಕಡೆ ಗೂಡು ಕಟ್ಟದು. ಆದರೆ ಪೊಟರೆಯನ್ನು ತಾನೇ ಕೊರೆಯುವಷ್ಟು ಗಟ್ಟಿಯಾದ ಕೊಕ್ಕು ಇದಕ್ಕಿಲ್ಲ. ಮರಕುಟಿಗ ಕೊರೆದು ಬಿಟ್ಟುಹೋದ ತೂತು, ಒಣಮರದ ಟೊಳ್ಳು, ಹಳೆಯ ಬೇಲಿಗೂಟದ ಬಿರುಕು, ಇವೇ ಇದರ ಮನೆ. ಮನುಷ್ಯನು ಒಣಮರಗಳನ್ನು ಕಡಿದನು. ಮರದ ಗೂಟಗಳನ್ನು ಕಿತ್ತು ಕಬ್ಬಿಣದ ಕಂಬಗಳನ್ನು ನೆಟ್ಟನು. ಅದಕ್ಕಿಂತಲೂ ಹೆಚ್ಚಾಗಿ, ೧೮೫೧ರ ಸುಮಾರಿನಲ್ಲಿ ಯೂರೋಪಿನಿಂದ ಮನೆಗುಬ್ಬಿಗಳನ್ನು ಹಡಗಿನಲ್ಲಿ ತಂದು ಬ್ರೂಕ್ಲಿನ್ನಿನಲ್ಲಿ ಬಿಟ್ಟನು. ಮರಗಳಿಗೆ ಹತ್ತುವ ಕಂಬಳಿಹುಳುಗಳನ್ನು ಅವು ತಿಂದು ಮುಗಿಸುವುವೆಂಬ ಆಸೆಯಿತ್ತು. ೧೮೯೦ರಲ್ಲಿ ಯೂಜೀನ್ ಶೀಫ್ಲಿನ್ ಎಂಬಾತನು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು ೬೦ ಸ್ಟಾರ್ಲಿಂಗ್ ಹಕ್ಕಿಗಳನ್ನು, ಎಂದರೆ ನಮ್ಮ ಗೊರವಂಕದ ಬಳಗದವನ್ನು, ಹಾರಿಬಿಟ್ಟನು. ಎರಡು ಜಾತಿಗಳೂ ಖಂಡವನ್ನೆಲ್ಲ ತುಂಬಿದುವು. ಎರಡೂ ಪೊಟರೆಯನ್ನು ಬಯಸುವಂಥವು. ಎರಡೂ ನೀಲಿಹಕ್ಕಿಗಿಂತ ಜಗಳಗಂಟಿಗಳು. ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ, ಒಂದು ಕಾಲಕ್ಕೆ ಪ್ರತಿಯೊಂದು ಹಳ್ಳಿಯ ತೋಟದಲ್ಲಿದ್ದ ಹಕ್ಕಿ ಅನೇಕ ಕಡೆ ಅಜ್ಜಅಜ್ಜಿಯರ ನೆನಪಿನಲ್ಲಿ ಮಾತ್ರ ಉಳಿಯಿತು.

ಇದನ್ನು ಕಂಡು ಮೊದಲು ಕೈಹಚ್ಚಿದವರಲ್ಲಿ ಇಲಿನಾಯ್ ಪ್ರಾಂತದ ಕ್ವಿನ್ಸಿ ಎಂಬ ಊರಿನ ಥಾಮಸ್ ಮಸಲ್‌ಮನ್ ಒಬ್ಬರು. ೧೯೩೪ರಲ್ಲಿ ಅವರು ತಮ್ಮ ಜಿಲ್ಲೆಯ ರಸ್ತೆಗಳ ಉದ್ದಕ್ಕೂ ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸತೊಡಗಿ, ಆ ಸಾಲಿಗೆ ನೀಲಿಹಕ್ಕಿಯ ದಾರಿಯೆಂದು ಹೆಸರಿಟ್ಟರು. ಆಮೇಲೆ ಮೇರಿಲ್ಯಾಂಡಿನಲ್ಲಿ ಲಾರೆನ್ಸ್ ಝೆಲೆನಿ ಎಂಬ ರಸಾಯನಶಾಸ್ತ್ರಜ್ಞರು, ಸರ್ಕಾರದ ಕೃಷಿ ಇಲಾಖೆಯಿಂದ ನಿವೃತ್ತರಾದ ಬಳಿಕ, ಈ ಹಕ್ಕಿಗಾಗಿಯೇ ತಮ್ಮ ಉಳಿದ ಆಯುಷ್ಯವನ್ನು ಮೀಸಲಿಟ್ಟರು. ೧೯೭೬ರಲ್ಲಿ ಅವರು ಒಂದು ಪುಸ್ತಕ ಬರೆದರು. ೧೯೭೮ರಲ್ಲಿ ಉತ್ತರ ಅಮೆರಿಕಾದ ನೀಲಿಹಕ್ಕಿ ಸಂಘವು ಅವರ ಮುಂದಾಳುತನದಿಂದ ಸ್ಥಾಪಿತವಾಯಿತು. ಇವರಾರೂ ದಂಡೆತ್ತಿ ರಾಜ್ಯ ಗೆದ್ದವರಲ್ಲ. ಮರದ ಹಲಗೆ, ಮೊಳೆ, ಸುತ್ತಿಗೆ, ಒಂದು ಲೆಕ್ಕದ ಪುಸ್ತಕ, ಇವಿಷ್ಟೇ ಅವರ ಆಯುಧ. ಇವರ ಮಾತನ್ನು ಕೇಳಿ ರೈತರು, ಉಪಾಧ್ಯಾಯರು, ಶಾಲೆಯ ಮಕ್ಕಳು, ವಿಶ್ರಾಂತಿವೇತನ ಪಡೆಯುವ ವೃದ್ಧರು ತಮ್ಮ ತಮ್ಮ ಊರಿನಲ್ಲಿ ಪೆಟ್ಟಿಗೆ ನಿಲ್ಲಿಸಿದರು. ೧೯೬೬ರಿಂದ ವರ್ಷವರ್ಷವೂ ನಡೆದುಬಂದಿರುವ ಪಕ್ಷಿಗಣತಿಯನ್ನು ನೋಡಿದರೆ, ಪೂರ್ವದ ನೀಲಿಹಕ್ಕಿಗಳ ಸಂಖ್ಯೆ ಏರುತ್ತಲೇ ಬಂದಿದೆ.

ಪೆಟ್ಟಿಗೆಯೆಂದರೆ ನೋಡುವುದಕ್ಕೆ ಏನೂ ಇಲ್ಲ. ಒಳಗೆ ನಾಲ್ಕೈದು ಅಂಗುಲ ಅಗಲ. ಬಣ್ಣ ಬಳಿಯದ ಮರ. ಮಳೆಯ ನೀರು ಒಳಗೆ ಬೀಳದಂತೆ ಮುಂದಕ್ಕೆ ಚಾಚಿದ ಮಾಡು. ಗಾಳಿಗೆ ಮೇಲೆ ಸಂದು, ತೇವ ಇಳಿದುಹೋಗುವುದಕ್ಕೆ ತಳದಲ್ಲಿ ತೂತು. ಪಕ್ಕದಲ್ಲಿ ತೆರೆದು ಮುಚ್ಚುವ ಹಲಗೆ. ಆದರೆ ಒಂದೊಂದರ ಹಿಂದೆಯೂ ಯಾರೋ ಸೋತು ಕಲಿತ ಪಾಠವಿದೆ. ಬಾಗಿಲಿನ ತೂತು ಒಂದೂವರೆ ಅಂಗುಲವೇ ಇರಬೇಕು. ಅದರಲ್ಲಿ ನೀಲಿಹಕ್ಕಿ ನುಸುಳುವುದು, ಸ್ಟಾರ್ಲಿಂಗ್ ನುಸುಳಲಾರದು. ಬಾಗಿಲ ಕೆಳಗೆ ಕೂರುವ ಕಡ್ಡಿಯನ್ನು ಇಡಬಾರದು. ನೀಲಿಹಕ್ಕಿಗೆ ಅದು ಬೇಡ, ಗುಬ್ಬಿಗೆ ಮಾತ್ರ ಅನುಕೂಲ. ಕಂಬಕ್ಕೆ ಅಗಲವಾದ ತಗಡಿನ ಕೊಳವೆಯನ್ನು ತೊಡಿಸಬೇಕು. ಇಲ್ಲವಾದರೆ ಹಾವೂ, ರಕೂನ್ ಎಂಬ ಕಳ್ಳಪ್ರಾಣಿಯೂ ಹತ್ತಿ ಮೊಟ್ಟೆಗಳನ್ನು ತಿನ್ನುವುವು. ಕೆಲವೆಡೆ ಎರಡೆರಡು ಪೆಟ್ಟಿಗೆಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದ್ದರು. ಏಕೆಂದು ಕೇಳಿದೆನು. ಕವಲುತೋಕೆಯ ಬಳಗದ ಒಂದು ಹಕ್ಕಿಗೂ ಇದೇ ಪೆಟ್ಟಿಗೆ ಬೇಕು. ಅದು ತನ್ನ ಜಾತಿಯ ಇನ್ನೊಂದು ಜೋಡಿಯನ್ನು ಪಕ್ಕದಲ್ಲಿ ಸೇರಿಸದು, ನೀಲಿಹಕ್ಕಿಯನ್ನು ಸಹಿಸಿಕೊಳ್ಳುವುದು. ಹೀಗಾಗಿ ಒಂದರಲ್ಲಿ ಅದು, ಮತ್ತೊಂದರಲ್ಲಿ ಇದು. ನೆರೆಹೊರೆಯ ಈ ನ್ಯಾಯ ನಮ್ಮ ಬೀದಿಗಳಲ್ಲಿಯೂ ಇರುವುದುಂಟಲ್ಲವೆ?

ಮಗಳ ಜೊತೆಗೆ ಎಪ್ಪತ್ತು ದಾಟಿದ ಒಬ್ಬ ವೃದ್ಧೆ ಇರುತ್ತಿದ್ದರು. ಬಹುಕಾಲ ದಾದಿಯಾಗಿದ್ದು ನಿವೃತ್ತರಾದವರು. ಆಕೆ ಪೆಟ್ಟಿಗೆಯನ್ನು ತೆರೆಯುವ ಮೊದಲು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ತಾಯಿಹಕ್ಕಿ ಒಳಗಿದ್ದರೆ ಹೊರಕ್ಕೆ ಹಾರಿಹೋಗಲೆಂದು. ಗೂಡನ್ನು ನೋಡಿದರೆ ಸಾಕು, ಕಟ್ಟಿದವರಾರೆಂದು ಹೇಳುವರು. ನಯವಾದ ಒಣಹುಲ್ಲಿನ ಬಟ್ಟಲಾದರೆ ನೀಲಿಹಕ್ಕಿ. ಹುಲ್ಲಿನ ಮೇಲೆ ಗರಿಗಳನ್ನು ಹಾಸಿದ್ದರೆ ಕವಲುತೋಕೆಯ ಬಳಗದ್ದು. ಹಸುರು ಪಾಚಿಯ ಮೆತ್ತೆಯಾದರೆ ಚಿಕಡೀ. ಕಡ್ಡಿಗಳ ರಾಶಿಯಾದರೆ ರೆನ್ ಎಂಬ ಪುಟ್ಟ ಕಂದುಹಕ್ಕಿ. ಹುಲ್ಲು, ಕಾಗದದ ಚೂರು, ದಾರ, ಗರಿ ಎಲ್ಲವನ್ನೂ ತುರುಕಿ ಮೇಲಿನವರೆಗೂ ತುಂಬಿದ್ದರೆ ಅದು ಗುಬ್ಬಿಯದು.

ನೀಲಿಹಕ್ಕಿಯ ಮೊಟ್ಟೆಯೂ ತಿಳಿನೀಲಿ. ದಿನಕ್ಕೆ ಒಂದರಂತೆ ನಾಲ್ಕೋ ಐದೋ ಇಟ್ಟು, ಕೊನೆಯದನ್ನು ಇಟ್ಟ ಮೇಲೆ ತಾಯಿ ಕಾವು ಕೂರುವುದು. ಎರಡು ವಾರದೊಳಗೆ ಮರಿಗಳು ಹೊರಬರುವುವು. ಮತ್ತೆ ಹದಿನೇಳು ಹದಿನೆಂಟು ದಿನಕ್ಕೆ ಹಾರಿಹೋಗುವುವು. ಮರಿಗಳಿಗೆ ಹನ್ನೆರಡು ದಿನ ತುಂಬಿದ ಬಳಿಕ ಪೆಟ್ಟಿಗೆಯನ್ನು ತೆರೆಯುವಂತಿಲ್ಲ. ತೆರೆದರೆ ಬೆದರಿ, ರೆಕ್ಕೆ ಬಲಿಯುವ ಮೊದಲೇ ಹಾರಿ ನೆಲಕ್ಕೆ ಬೀಳುವುವು. ಆ ಒಂದು ವಾರ ಇವರು ದೂರದಲ್ಲಿ ನಿಂತು, ತಂದೆತಾಯಿ ಹುಳು ಹೊತ್ತು ಬರುವುದನ್ನು ಎಣಿಸಿ, ಅಷ್ಟರಿಂದಲೇ ಒಳಗಿನ ಕ್ಷೇಮವನ್ನು ಊಹಿಸಿಕೊಳ್ಳುವರು. ಬೇರೆ ಊರಿನಲ್ಲಿ ಮಕ್ಕಳನ್ನು ಓದಿಸುವ ತಂದೆತಾಯಿಗಳಿಗೆ ಈ ಸಂಯಮದ ಕಷ್ಟ ಗೊತ್ತು. ಮರಿಗಳು ಹೋದ ಮೇಲೆ ಹಳೆಯ ಗೂಡನ್ನು ತೆಗೆದು ಪೆಟ್ಟಿಗೆಯನ್ನು ಶುಚಿಮಾಡಿದರೆ, ಅದೇ ಜೋಡಿ ಆ ಬೇಸಗೆಯಲ್ಲಿಯೇ ಮತ್ತೊಂದು ಸಂಸಾರವನ್ನು ಹೂಡುವುದು.

ಮೇ ತಿಂಗಳ ಒಂದು ಶನಿವಾರ, ಹಳೆಯ ಕೊಟ್ಟಿಗೆಯೊಂದರ ಹತ್ತಿರವಿದ್ದ ಪೆಟ್ಟಿಗೆಯನ್ನು ಮಗಳು ತೆರೆದಳು. ಹಿಂದಿನ ವಾರ ಅದರಲ್ಲಿ ಐದು ನೀಲಿ ಮೊಟ್ಟೆಗಳಿದ್ದುದನ್ನು ನಾನೇ ಕಂಡಿದ್ದೆನು. ಈಗ ಕಂಡುದು ಹುಲ್ಲು, ಗರಿ, ಒಂದು ತುಂಡು ನೀಲಿ ದಾರ, ಅವುಗಳ ನಡುವೆ ಬೂದುಚುಕ್ಕೆಯ ಮೂರು ಮೊಟ್ಟೆ. ಮಗಳು ಅದನ್ನು ಮೆಲ್ಲನೆ ಬಿಡಿಸಿದಳು. ಅಡಿಯಲ್ಲಿ ಹಳೆಯ ಒಣಹುಲ್ಲಿನ ಬಟ್ಟಲು. ಅದರಲ್ಲಿ ಒಡೆದ ನೀಲಿಯ ಚಿಪ್ಪು. ಚಿಪ್ಪಿನ ಮೇಲೆ ತಾಯಿಹಕ್ಕಿ, ರೆಕ್ಕೆಯನ್ನು ಅರ್ಧ ಹರಡಿಕೊಂಡು ಸತ್ತಿದ್ದಿತು. ತಲೆಯ ಗರಿಗಳೆಲ್ಲ ಕಿತ್ತುಹೋಗಿದ್ದುವು. ಗುಬ್ಬಿ ಅದನ್ನು ಪೆಟ್ಟಿಗೆಯೊಳಗೇ ಕುಕ್ಕಿ ಕೊಂದು, ಅದರ ಮೇಲೆಯೇ ತನ್ನ ಗೂಡನ್ನು ಕಟ್ಟಿದ್ದಿತು. ಯಾರೂ ಮಾತಾಡಲಿಲ್ಲ. ಮಗಳು ಗುಬ್ಬಿಯ ಗೂಡನ್ನೂ ಮೊಟ್ಟೆಗಳನ್ನೂ ಎತ್ತಿ ಚೀಲಕ್ಕೆ ಹಾಕಿದಳು. ಆ ದೇಶದಲ್ಲಿ ೧೯೧೮ರ ಕಾನೂನಿನಂತೆ ಅಲ್ಲಿಯ ಹಕ್ಕಿಗಳ ಮೊಟ್ಟೆಮರಿಗಳಿರುವ ಗೂಡನ್ನು ಕೆಡಿಸುವುದು ಅಪರಾಧ. ನೀಲಿಹಕ್ಕಿಯ ಮೊಟ್ಟೆಯನ್ನು ಚುಚ್ಚಿ ಕೆಡಿಸುವ ರೆನ್ ಹಕ್ಕಿಗೂ ಆ ರಕ್ಷಣೆಯುಂಟು. ಹೊರಗಿನಿಂದ ತಂದ ಗುಬ್ಬಿಗೂ ಸ್ಟಾರ್ಲಿಂಗಿಗೂ ಮಾತ್ರ ಇಲ್ಲ.

ನನ್ನ ಮನಸ್ಸಿನಲ್ಲಿ ಆಗ ಎದ್ದುಬಂದುದು ಮೈಸೂರಿನ ನಮ್ಮ ಹಳೆಯ ಮನೆ. “ಇದು ನಮ್ಮ ಗುಬ್ಬಚ್ಚಿಯೇ ಅಲ್ಲವೇನಮ್ಮ?” ಎಂದೆನು.

“ಹೌದು ಅಣ್ಣ, ನಮ್ಮದೇ.”

“ನಡುಮನೆಯಲ್ಲಿ ಗೂಡು ಕಟ್ಟಿದೆಯೆಂದು ನಿಮ್ಮಜ್ಜಿ ಬೇಸಗೆಯೆಲ್ಲ ಫ್ಯಾನು ಹಾಕಗೊಡಲಿಲ್ಲ. ನೆನಪಿದೆಯೆ?”

“ಅಜ್ಜನ ಪಟದ ಹಿಂದೆ ಕಟ್ಟಿತ್ತು. ಮರಿ ಕೆಳಗೆ ಬಿದ್ದರೆ ಎಂದು ನಾನು ಹಾಸಿಗೆ ಹಾಸಿ ಕಾದಿದ್ದೆ.” ಅವಳು ಕೈಚೀಲದ ಬಾಯನ್ನು ಕಟ್ಟುತ್ತ ಹೇಳಿದಳು: “ಅಲ್ಲಿ ಅದು ಮನೆಯ ಹಕ್ಕಿ, ಅಣ್ಣ. ಇಲ್ಲಿಗೆ ಅದು ತಾನಾಗಿ ಬರಲಿಲ್ಲ, ಮನುಷ್ಯರು ತಂದರು. ತಪ್ಪು ಗುಬ್ಬಿಯದಲ್ಲ, ನಾನು ಬಲ್ಲೆ. ಆದರೆ ಅದರ ತಪ್ಪಲ್ಲವೆಂದು ನಾನು ಸುಮ್ಮನಾದರೆ, ತಪ್ಪೇ ಮಾಡದ ಇನ್ನೊಂದಕ್ಕೆ ದಂಡ ಬೀಳುತ್ತದೆ. ಬಾ ಎಂದು ಪೆಟ್ಟಿಗೆ ನಿಲ್ಲಿಸಿ ಕರೆದವರು ನಾವು. ಕರೆದ ಮೇಲೆ ಒಳಗೆ ಏನಾದರೂ ಆಗಲಿ ಎನ್ನುವುದು ಹೇಗೆ?”

ನಮ್ಮ ಮಾತು ಅರ್ಥವಾಗದಿದ್ದರೂ ಅದರ ಭಾವ ಆ ವೃದ್ಧೆಗೆ ತಿಳಿಯಿತೆಂದು ತೋರುತ್ತದೆ. ಅವರು ಇಂಗ್ಲಿಷಿನಲ್ಲಿ, “ಈ ಕೆಲಸ ನನಗೆ ಇಷ್ಟು ವರ್ಷಗಳಾದರೂ ಅಭ್ಯಾಸವಾಗಿಲ್ಲ, ಸ್ವಾಮಿ. ಅಭ್ಯಾಸವಾದ ದಿನ ಇಲ್ಲಿಗೆ ಬರುವುದನ್ನು ಬಿಡಬೇಕೆಂದುಕೊಂಡಿದ್ದೇನೆ” ಎಂದರು. ಅನಂತರ ತಾಯಿಹಕ್ಕಿಯನ್ನು ಎಲೆಗಳ ಮೇಲೆ ಇಟ್ಟು, ಪೆಟ್ಟಿಗೆಯನ್ನು ಉಜ್ಜಿ ಶುಚಿಮಾಡಿ, ಪುಸ್ತಕದಲ್ಲಿ ದಿನಾಂಕವನ್ನೂ ನಡೆದುದನ್ನೂ ಬರೆದರು. ಅವರ ಅಕ್ಷರ ದುಂಡಗೆ, ಸ್ಪಷ್ಟವಾಗಿ, ಎಂದಿನಂತೆಯೇ ಇದ್ದಿತು.

ನನ್ನ ಮನಸ್ಸು ಆ ಕೂಡಲೇ ಪೂರ್ತಿಯಾಗಿ ಒಪ್ಪಿತೆಂದು ಹೇಳಲಾರೆನು. ಇಂದಿಗೂ ಆ ಮೂರು ಚುಕ್ಕೆಮೊಟ್ಟೆಗಳು ಕಣ್ಣಮುಂದೆ ಬರುವುವು. ನಮ್ಮ ಬೆಂಗಳೂರಿನಲ್ಲಿ ಇದೇ ಗುಬ್ಬಿ ಕಾಣೆಯಾಗುತ್ತಿದೆಯೆಂದು ಜನ ಮರುಗುವರು. ಹೆಂಚಿನ ಮಾಡು ಹೋಯಿತು, ಜಂತೆಯ ಸಂದು ಹೋಯಿತು, ಮರಿಗೆ ತಿನ್ನಿಸುವುದಕ್ಕೆ ಹುಳುವಿದ್ದ ಹಿತ್ತಿಲೂ ಹೋಯಿತು. ೨೦೧೦ರಿಂದ ಮಾರ್ಚ್ ೨೦ನೆಯ ದಿನವನ್ನು ಗುಬ್ಬಿಯ ದಿನವೆಂದು ಆಚರಿಸಿ, ಮನೆಯ ಸೂರಿನಲ್ಲಿ ಅದಕ್ಕೆಂದು ಪೆಟ್ಟಿಗೆ ಕಟ್ಟುವವರಿದ್ದಾರೆ. ಒಂದೇ ಹಕ್ಕಿ, ಒಂದು ನೆಲದಲ್ಲಿ ಅದಕ್ಕೆ ಪೆಟ್ಟಿಗೆ ಕಟ್ಟುವ ಕೈ, ಮತ್ತೊಂದು ನೆಲದಲ್ಲಿ ಪೆಟ್ಟಿಗೆಯಿಂದ ಅದನ್ನು ಹೊರಹಾಕುವ ಕೈ. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧ. ಯೋಚಿಸಿದಷ್ಟೂ ಎರಡೂ ಒಂದೇ ಕೆಲಸವೆಂದು ನನಗೆ ತೋರುತ್ತ ಬಂದಿತು. ಎರಡು ಕಡೆಯೂ ಮನುಷ್ಯನೇ ಒಂದು ಜೀವದ ಮನೆಯನ್ನು ಕಸಿದುಕೊಂಡವನು. ಎರಡು ಕಡೆಯೂ ಪೆಟ್ಟಿಗೆ ಆ ಸಾಲದ ಒಂದು ಸಣ್ಣ ಕಂತು. ಕೊಡುವವನು ತಾನು ದಾನಿಯೆಂದು ತಿಳಿದರೆ ಕೊಟ್ಟು ಮರೆಯಬಹುದು. ಸಾಲಗಾರನೆಂದು ತಿಳಿದರೆ ಮರೆಯುವಂತಿಲ್ಲ. ಸಾಲ ತೀರಿಸುವಾಗ ಮನಸ್ಸಿಗೆ ಹಿತವಾದುದನ್ನು ಮಾತ್ರ ಮಾಡುತ್ತೇನೆಂಬ ಸ್ವಾತಂತ್ರ್ಯವೂ ಇಲ್ಲ.

ಆದುದರಿಂದಲೇ ಆ ಸ್ವಯಂಸೇವಕರ ಮಾತಿನಲ್ಲಿ ಒಂದು ಎಚ್ಚರಿಕೆ ಮತ್ತೆ ಮತ್ತೆ ಬರುವುದು: ನೋಡಿಕೊಳ್ಳಲಾರದವರು ಪೆಟ್ಟಿಗೆಯನ್ನು ನಿಲ್ಲಿಸಲೇಬಾರದು. ಯಾರೂ ತೆರೆದು ನೋಡದ ಪೆಟ್ಟಿಗೆ ಗುಬ್ಬಿಯ ತೊಟ್ಟಿಲಾಗುವುದು, ಇಲ್ಲವೆ ಹಾವಿನ ಊಟದ ಬಟ್ಟಲಾಗುವುದು. ಪೆಟ್ಟಿಗೆ ಮಾಡುವುದು ಒಂದು ಭಾನುವಾರದ ಕೆಲಸ. ಅದನ್ನು ಕಾಯುವುದು ವರ್ಷಗಟ್ಟಲೆಯ ಕೆಲಸ. ಮೊದಲನೆಯದಕ್ಕೆ ಉತ್ಸಾಹ ಸಾಕು. ಎರಡನೆಯದಕ್ಕೆ ಬೇಕಾದುದು ಮಳೆಯಲ್ಲಿಯೂ ತಪ್ಪದ ಶನಿವಾರ.

ಈ ಮಾತು ಕನ್ನಡಿಗರಿಗೆ ಹೊಸತಲ್ಲ. ನಮ್ಮ ಹಳ್ಳಿಯ ದಾರಿಗಳಲ್ಲಿ ಬೇಸಗೆಗೆ ಅರವಟ್ಟಿಗೆಯನ್ನು ಇಡಿಸುವ ಪುಣ್ಯವಂತರಿದ್ದರು. ಅರವಟ್ಟಿಗೆಯ ಧರ್ಮವಿದ್ದುದು ಚಪ್ಪರದಲ್ಲಿ ಅಲ್ಲ, ದಿನವೂ ಕೊಡ ತುಂಬುವ ಕೈಯಲ್ಲಿ. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿರುವುದು. ಕೆರೆ ಉಳಿದಿರುವುದು ಹೂಳೆತ್ತಿದವರಿಂದ. ನಮ್ಮ ಶಾಸನಗಳನ್ನು ಬರೆಯಿಸಿದವರು ಇದನ್ನು ಬಲ್ಲವರಾಗಿದ್ದರು. ದಾನಶಾಸನಗಳ ಕೊನೆಯಲ್ಲಿ, ಕೊಡುವುದಕ್ಕಿಂತ ಕೊಟ್ಟುದನ್ನು ಪಾಲಿಸಿಕೊಂಡು ಬರುವುದೇ ಮೇಲೆಂಬ ಅಭಿಪ್ರಾಯ ಮತ್ತೆ ಮತ್ತೆ ಕಾಣುವುದು. ನೂರಾರು ವರ್ಷಗಳ ಹಿಂದೆ ಕಲ್ಲಿನ ಮೇಲೆ ಕೆತ್ತಿಸಿದ ಆ ತತ್ತ್ವವನ್ನು ನ್ಯೂಜೆರ್ಸಿಯ ಜೌಗಿನಲ್ಲಿ, ಅದರ ಒಂದಕ್ಷರವನ್ನೂ ಓದಿರದ ಒಬ್ಬ ದಾದಿ ಆಚರಿಸುತ್ತಿದ್ದುದನ್ನು ನಾನು ಕಂಡೆನು.

ಪೊಟರೆಯನ್ನು ನಂಬಿದ ಹಕ್ಕಿಗಳು ನಮ್ಮಲ್ಲಿಯೂ ಉಂಟು. ನೀಲಕಂಠ, ಮಡಿವಾಳ, ಗಿಳಿ, ಕಣಜಗೂಬೆ, ಮಲೆನಾಡಿನ ಮಂಗಟ್ಟೆ, ಇವೆಲ್ಲ ಟೊಳ್ಳುಮರಗಳಲ್ಲಿ ಗೂಡು ಮಾಡುವಂಥವು. ಊರ ಮುಂದೆ ಒಂದು ಮುದಿಮರ ಒಣಗಿತೆಂದರೆ ನಾವು ಮೊದಲು ಯೋಚಿಸುವುದು ಸೌದೆಯ ಲೆಕ್ಕವನ್ನು. ಯಾರ ತಲೆಯ ಮೇಲೂ ಬೀಳದಂಥ ಎಡೆಯಲ್ಲಿ ಅಂತಹ ಮರ ನಿಂತಿದ್ದರೆ, ಅದನ್ನು ನಿಂತಿರುವಂತೆಯೇ ಬಿಡುವುದು ಸಾವಿರ ಪೆಟ್ಟಿಗೆಗಳನ್ನು ಕಟ್ಟುವುದಕ್ಕಿಂತ ಸುಲಭವಾದ ಸೇವೆ. ಅದಕ್ಕೆ ಶನಿವಾರಗಳೂ ಬೇಡ, ಲೆಕ್ಕದ ಪುಸ್ತಕವೂ ಬೇಡ. ಸತ್ತ ಮರವೆಂದು ನಾವು ಹೇಳುವುದರಲ್ಲಿ ಎಷ್ಟು ಸಂಸಾರಗಳು ನಡೆಯುತ್ತಿವೆಯೆಂಬುದನ್ನು ಒಮ್ಮೆ ಕತ್ತೆತ್ತಿ ನೋಡಿ, ಆಮೇಲೆ ಕೊಡಲಿಯನ್ನು ತರಿಸೋಣ. ಸಾಲ ಮಾಡಿ ತೀರಿಸುವುದು ದೊಡ್ಡತನವೇ ನಿಜ. ಸಾಲವನ್ನೇ ಮಾಡದಿರುವುದು ಅದಕ್ಕಿಂತ ಕ್ಷೇಮ.